ಅತ್ತೆಯ ಫ್ಲಾಪಿ, ರಾಜಣ್ಣನ ಹುಳು

ಎಪ್ಪತ್ತು ದಾಟಿದ, ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಹೆಂಗಸಿಗೆ ನಾಲ್ಕು ಜನರೆದುರು "ರೋಗ ತಂದಿದ್ದೇ ನೀವು" ಎಂದರೆ ನಿಮಗೆ ಸಿಟ್ಟು ಬರುತ್ತದೋ ಇಲ್ಲವೋ? ನನಗೆ ಬಂತು. ಇನ್ನೂ ಇಳಿದಿಲ್ಲ.

ಆಕೆ ನನ್ನ ಸೋದರತ್ತೆ ವಿಶಾಲಾಕ್ಷಿ. ದೀಪಾವಳಿ ಕಳೆದ ಮೇಲೆ ಮೊಮ್ಮಗಳ ಮದುವೆ. ಬಂದವರಿಗೆ ತಾಂಬೂಲದ ಜೊತೆ ಕೊಡಲು, ತಮ್ಮ ಅಮ್ಮ ಹೇಳುತ್ತಿದ್ದ ಹಸೆಹಾಡುಗಳ ಪುಟ್ಟ ಪುಸ್ತಕ ಮಾಡಿಸುವ ಆಸೆ. ಮನೆಯ ಹಳೇ ಕಂಪ್ಯೂಟರಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ತಾವೇ ಟೈಪ್ ಮಾಡಿದರು. (ಒಂದು ಹಾಡಿಗೆ ಒಂದು ಇಡೀ ಮಧ್ಯಾಹ್ನ. ನನಗಂತೂ ಆ ತಾಳ್ಮೆ ಇಲ್ಲ.) ಎಲ್ಲವನ್ನೂ ಫ್ಲಾಪಿಗೆ ಹಾಕಿಕೊಂಡು ಗಾಂಧಿ ಬಜಾರಿನ ರಾಜಣ್ಣನ ಡಿಟಿಪಿ ಅಂಗಡಿಗೆ ಹೋದರು.

ಪುಟ ಜೋಡಿಸುತ್ತಿರುವಾಗಲೇ ಸ್ಕ್ರೀನಿನ ಮೇಲೊಂದು ಎಚ್ಚರಿಕೆ: ಅರವತ್ತು ಸೆಕೆಂಡಿನಲ್ಲಿ ಕಂಪ್ಯೂಟರ್ ಬಂದ್. ಮತ್ತೆ ಆನ್ ಆಯಿತು, ಮತ್ತೆ ಅದೇ. ಒಂದಾದ ಮೇಲೊಂದು ಅಂಗಡಿಯ ನಾಲ್ಕೂ ಮೆಷೀನು ಹಾಗೇ ಆದವು. ರಾಜಣ್ಣ ಯೋಚನೆಯನ್ನೇ ಮಾಡಲಿಲ್ಲ.

"ನಿಮ್ ಫ್ಲಾಪಿಯಿಂದಾನೇ ಮೇಡಂ. ರೋಗ ತಂದಿದ್ದೇ ನೀವು," ಎಂದ.

ಅತ್ತೆ ಫ್ಲಾಪಿ ವಾಪಸ್ ತೆಗೆದುಕೊಂಡು ಮನೆಗೆ ಬಂದರು. ಅವತ್ತು ಊಟ ಮಾಡಲಿಲ್ಲ.

ನಾನು ಗೆಳತಿ ಸುಧಾಳನ್ನು ಅಂಗಡಿಗೆ ಎಳೆದುಕೊಂಡು ಹೋದೆ. ಮಲ್ಲೇಶ್ವರದ ಒಂದು ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು. ಇದು ಫ್ಲಾಪಿಯಲ್ಲಿ ಬರುವುದೇ ಅಲ್ಲ, ವರ್ಮ್, ಅಂದರೆ ಹುಳು ಎಂದಳು. ಇಂಟರ್ನೆಟ್ ವೈರಿನಿಂದ ಒಳಗೆ ಬಂದು, ಮೆಷೀನಿನಿಂದ ಮೆಷೀನಿಗೆ ತಾನೇ ಹರಿಯುತ್ತದಂತೆ. ಯಾರೂ ಒಂದು ಬಟನ್ನೂ ಒತ್ತಬೇಕಿಲ್ಲ. ಒಂದನ್ನು ಕ್ಲೀನ್ ಮಾಡುವಷ್ಟರಲ್ಲಿ ಪಕ್ಕದ್ದು ಮತ್ತೆ ಅಂಟಿಸುತ್ತದೆ. ಅದಕ್ಕೇ ಮೊದಲು ಇಂಟರ್ನೆಟ್ಟಿನದು, ಮೆಷೀನುಗಳ ನಡುವಿನದು, ಎಲ್ಲ ವೈರು ಕೀಳಬೇಕು, ಒಂದೊಂದಾಗಿ ಕ್ಲೀನ್ ಮಾಡಬೇಕು, ಹುಳು ನುಗ್ಗಿದ ಸಂದಿಯನ್ನು ಪ್ಯಾಚ್ ಹಾಕಿ ಮುಚ್ಚಬೇಕು. ಆಮೇಲೆ ವೈರು.

ಸಂಜೆಯೊಳಗೆ ನಾಲ್ಕನ್ನೂ ಕ್ಲೀನ್ ಮಾಡಿದಳು. ಪ್ಯಾಚ್ ಇದ್ದ ಸಿಡಿ ಆಫೀಸಿನಲ್ಲಿತ್ತು. ಹೊರಡುವಾಗ ಎರಡು ಸಲ ಹೇಳಿದಳು: "ಹಬ್ಬ ಆದ್ಮೇಲೆ ಸಿಡಿ ತರ್ತೀನಿ. ಅಲ್ಲೀವರ್ಗೂ ಒಂದ್ ವೈರೂ ಹಾಕ್ಬೇಡಿ."

ಮಾರನೇ ದಿನ ಆಯುಧಪೂಜೆ. ವೈರು ಕಿತ್ತು ಮಲಗಿಸಿದ ಮೆಷೀನಿಗೆ ಪೂಜೆ ಮಾಡಿದರೆ ಅಪಶಕುನವಂತೆ! ರಾಜಣ್ಣ ಎಲ್ಲ ವೈರನ್ನೂ ಸಿಕ್ಕಿಸಿದ, ಇಂಟರ್ನೆಟ್ಟಿನದೂ ಸೇರಿಸಿ. ನಾಲ್ಕನ್ನೂ ಆನ್ ಮಾಡಿ, ಮಾನಿಟರಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳ ಒಡೆದ. ನಾನು ಪ್ರಸಾದಕ್ಕೆಂದು ಅಲ್ಲೇ ನಿಂತಿದ್ದೆ. ಮಂಗಳಾರತಿ ಮುಗಿಯುವ ಮೊದಲೇ ಹಾರದ ಹಿಂದೆ ಅರವತ್ತು ಸೆಕೆಂಡಿನ ಎಚ್ಚರಿಕೆ ಬಂತು.

ಆಗ ಆ ಮಹಾನುಭಾವ ನೆರೆದವರಿಗೆ ಹೇಳಿದ್ದೇನು ಗೊತ್ತೇ?

"ಆ ಮೇಡಂ ಫ್ಲಾಪಿ ಹಾಕಿದ್ದೇ ಹಾಕಿದ್ದು ನೋಡಿ, ಬಿಡ್ತಾನೇ ಇಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಫ್ಲಾಪಿ ಅತ್ತೆಯ ಮನೆಯ ಬೀರುವಿನಲ್ಲಿದೆ. ಅವರ ಕಂಪ್ಯೂಟರಿಗೆ ಇಂಟರ್ನೆಟ್ಟೇ ಇಲ್ಲ. ವೈರು ಸಿಕ್ಕಿಸಿದ ಕೈ ಇನ್ನೂ ಕರ್ಪೂರದ ತಟ್ಟೆ ಹಿಡಿದಿದೆ! ವಯಸ್ಸಾದ ಹೆಂಗಸು ಕಂಪ್ಯೂಟರ್ ಮುಟ್ಟಿದರೆ ಕೆಟ್ಟಿದ್ದೆಲ್ಲ ಅವಳಿಂದಲೇ ಎಂದು ಇವರಿಗೆ ಯಾರು ಹೇಳಿಕೊಟ್ಟರು? ಅಷ್ಟೂ ಜನರೆದುರು ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ. ರಾಜಣ್ಣ ನನ್ನ ಕೈಗೆ ಕಡಲೆಪುರಿ ಹಾಕಿ ಆಚೆ ತಿರುಗಿದ.

ಹಬ್ಬ ಮುಗಿದ ಮೇಲೆ ಸುಧಾ ಮತ್ತೆ ಬಂದು, ಎಲ್ಲ ಕಿತ್ತು, ಕ್ಲೀನ್ ಮಾಡಿ, ಪ್ಯಾಚ್ ಹಾಕಿದಳು. ಈಗ ಮೆಷೀನುಗಳು ಚೆನ್ನಾಗಿವೆ. ರಾಜಣ್ಣ ಅವಳಿಗೆ ಕಾಫಿ ತರಿಸಿದ. ಅತ್ತೆಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ಬದಲಿಗೆ ಬಾಗಿಲಿಗೆ ಬೋರ್ಡು ಹಾಕಿದ: ಫ್ಲಾಪಿ ತರಬೇಡಿ.

ಮೊನ್ನೆ ಅತ್ತೆಯನ್ನು ವಿಶ್ವೇಶ್ವರಪುರಂನ ಇನ್ನೊಂದು ಅಂಗಡಿಗೆ ಕರೆದುಕೊಂಡು ಹೋದೆ. ಅವರು ಒಳಗೆ ಕಾಲಿಡಲೇ ಇಲ್ಲ. ಹೊಸ್ತಿಲಾಚೆ ನಿಂತು, ಫ್ಲಾಪಿಯನ್ನು ಎರಡು ಬೆರಳಲ್ಲಿ ಮುಂದೆ ಹಿಡಿದು ಹೇಳಿದರು: "ಇದ್ರಲ್ಲಿ ರೋಗ ಇದೆಯಂತೆ. ಒಂದ್ಸಲ ನೋಡ್ಕೊಂಡು ತಗೊಳ್ಳಪ್ಪ."

ರಾಜಣ್ಣ, ಇದಕ್ಕೆ ಯಾವ ಪ್ಯಾಚ್ ಹಾಕ್ತೀರಿ?