ಎಲ್ಲರಿಗೂ ಜ್ವರ

ರೋಗ, ಸಾವುಗಳ ಲೆಕ್ಕ ಇಡುವ ಶಾಸ್ತ್ರ ನಮ್ಮಲ್ಲಿ ಹೇಗೆ ಶುರುವಾಯಿತೆಂದು ಬರೆಯಲು ನಾಗಪುರದ ಕಚೇರಿಯೊಂದರಲ್ಲಿ ಹಳೆಯ ಮರಣ ರಿಜಿಸ್ಟರು ತಿರುವುತ್ತಿದ್ದೆ. ‘ಸಾವಿನ ಕಾರಣ’ ಎಂಬ ಕಾಲಮ್ಮಿನಲ್ಲಿ ಪುಟಗಟ್ಟಲೆ ಒಂದೇ ಉತ್ತರ: ಜ್ವರ. ಅದನ್ನೇ ನಂಬಿ ಒಂದು ಅಧ್ಯಾಯವನ್ನೂ ಬರೆದಿದ್ದೆ.

ರೆಕಾರ್ಡ್ ನೋಡಿಕೊಳ್ಳುವ ಧಾರವಾಡ ಕಡೆಯ ಹಿರಿಯರು ಅದನ್ನು ಕೇಳಿ ನಕ್ಕರು. “ಬರೆಸಿದಾಂವ ಡಾಕ್ಟರ್ ಅಲ್ರೀ, ಊರ ಕಾವಲುಗಾರ. ಹಾವು ಕಡೀತು ಅಂದ್ರ ಪೊಲೀಸರು ಬರ್ತಿದ್ರು. ಜ್ವರ ಅಂದ್ರ ಯಾರೂ ಏನೂ ಕೇಳ್ತಿರಲಿಲ್ಲ.”

ನನ್ನ ಅಧ್ಯಾಯ ಅಲ್ಲಿಗೆ ಮುಗಿಯಿತು.

ಹೊರಡುವಾಗ ಗೇಟಿನ ವಾಚ್‌ಮನ್ ತಡೆದ. ಬೆಳಿಗ್ಗೆ ನಾನು ಬಂದುಹೋಗುವವರ ಪುಸ್ತಕದಲ್ಲಿ ಹೆಸರು ಬರೆದಿರಲಿಲ್ಲ. ‘ಬಂದ ಕಾರಣ’ ಎಂಬಲ್ಲಿ ಮೇಲಿನ ಸಾಲುಗಳಲ್ಲಿ ಎಲ್ಲರೂ ‘ಕೆಲಸ’ ಎಂದಷ್ಟೇ ಬರೆದಿದ್ದರು. ಪೆನ್ನು ಹಿಡಿದು ಯೋಚಿಸಿದೆ. “ಜಲ್ದಿ ಕರೋ, ಸಾಬ್,” ಎಂದ.

ನಾನೂ ‘ಕೆಲಸ’ ಎಂದೇ ಬರೆದೆ.