ಮಂಗಳವಾರದ ಪ್ರಾರ್ಥನೆ

ಇಲ್ಲಿ ಗಲ್ಫಿನಲ್ಲಿ, ಅಲ್ ನಹ್ದಾದ ಬಾಡಿಗೆ ಸಭಾಂಗಣದಲ್ಲಿ ಇವತ್ತು ನಮ್ಮ ಚರ್ಚಿನ ಶುಕ್ರವಾರದ ಆರಾಧನೆ ಮುಗಿದದ್ದೇ, ಮಕ್ಕಳ ಟ್ಯೂಷನ್ನಿಗೆಂದು ಕುರ್ಚಿಗಳನ್ನು ತಿರುಗಿಸಿಟ್ಟರು. ನನಗೆ ನಮ್ಮೂರಿನ ಮಿಷನ್ ಶಾಲೆ ನೆನಪಾಯಿತು.

ಅಜ್ಜನ ಕಾಲಕ್ಕೂ ಮೊದಲೇ ಬಿಳಿ ಪಾದ್ರಿಗಳು ಕಟ್ಟಿಸಿದ ಕೆಂಪುಕಲ್ಲಿನ ಕಟ್ಟಡವದು. ವಾರವಿಡೀ ಶಾಲೆ, ಆದಿತ್ಯವಾರ ಬೆಂಚು ತಿರುಗಿಸಿದರೆ ಚರ್ಚು. ಹೆಂಚಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಅಮ್ಮ ಶಾಲೆಗೆ ಹೋದವಳಲ್ಲ. ಅವಳಿಗೆ ಅದು ಚರ್ಚು ಮಾತ್ರ.

ನಾನು ಐದನೆಯಲ್ಲಿ ಫೇಲಾದಾಗ, ಶಾಲೆಯಿಂದ ತೆಗೆಯಬೇಡಿ ಎಂದು ಕೇಳಲು ಒಂದು ಮಂಗಳವಾರ ಬಂದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ತಲೆಗೆ ಸೆರಗು ಹೊದ್ದು, ಕರಿಹಲಗೆಯ ಎದುರೇ ಮಂಡಿಯೂರಿ ಕಣ್ಣು ಮುಚ್ಚಿದಳು. ತರಗತಿಯೆಲ್ಲ ಕಿಸಕ್ಕೆಂದಿತು.

"ಮಾರ್ತಕ್ಕ, ಇವತ್ತು ಆದಿತ್ಯವಾರ ಅಲ್ಲ ಮಾರಾಯ್ರೆ," ಎಂದರು ಮಾಷ್ಟ್ರು.

"ದೇವರಿಗೆ ವಾರ ಉಂಟಾ ಮಾಷ್ಟ್ರೇ? ಇವಳನ್ನು ಇನ್ನೊಂದು ವರ್ಷ ಕೂರ್ಸಿ. ಬಿಟ್ರೆ ಬೀಡಿ ಕಟ್ಟುದೇ ಗತಿ."

ಮಾಷ್ಟ್ರು ಒಪ್ಪಿದರು. ನಾನು ನಾಚಿಕೆಯಿಂದ ಬೆಂಚಿನಡಿ ಬಗ್ಗಿಬಿಟ್ಟಿದ್ದೆ. "ಬರ್ತೇನೆ ಮಗಾ," ಎಂದು ಅಮ್ಮ ಬಾಗಿಲಲ್ಲಿ ನಿಂತು ಹೇಳಿದರೂ ಏಳಲಿಲ್ಲ.

ಇಲ್ಲಿ ಶುಕ್ರವಾರ ಬೈಬಲ್ ಓದಲು ನನ್ನನ್ನೇ ಕರೆಯುತ್ತಾರೆ. ಅಮ್ಮ ಅಂದು ಬೇಡಿ ಕೊಡಿಸಿದ ಅಕ್ಷರವದು. ಓದುವಾಗ, ಅಂದು ಬೆಂಚಿನಡಿಯಿಂದ ಏಳದೇ ಹೋದದ್ದು ನೆನಪಾಗಿ ನನ್ನ ಮುಖ ಇವತ್ತೂ ಸಣ್ಣದಾಗುತ್ತದೆ.