ಲವ್ ಸಾಂಗಿಗೆ ಬಿದ್ದ ಹಾರ

ಕಾಡುಗೋಡೀಲಿ ನಮ್ಮ ಎದುರು ರೂಮಲ್ಲಿ ಮೂರು ಹುಡುಗರ ರಾಕ್ ಬ್ಯಾಂಡ್ ಒಂದಿದೆ ಗೆಳೆಯರೇ. ಇವತ್ತು ಅವರ ಮೊದಲ ಆಲ್ಬಮ್ ರಿಲೀಸು. ರಾಕು, ಜಾಜು, ಜಾನಪದ ಎಲ್ಲಾ ಸೇರಿಸಿ ಕಲಸಿದ್ದಾರೆ, ಚಿತ್ರಾನ್ನಕ್ಕೆ ಮೊಸರು ಸುರಿದ ಹಾಗೆ. ಬೆಳಿಗ್ಗೆ ಹತ್ತಕ್ಕೆ ಅದರ ಲವ್ ಸಾಂಗನ್ನ ಇಡೀ ಬೀದಿಗೆ ಕೇಳೋ ಹಾಗೆ ಹಾಕಿದ್ರು. ಗಿಟಾರ್ ಜೊತೆ ತಮಟೆ ಬೇರೆ.

ಐದೇ ನಿಮಿಷಕ್ಕೆ ನಮ್ಮ ಓನರ್ ಮುನಿಯಪ್ಪನವರು ಸೇವಂತಿಗೆ ಹಾರ ಹಿಡ್ಕೊಂಡು ಮೆಟ್ಟಿಲು ಹತ್ತಿ ಬಂದ್ಬಿಟ್ರು. "ಯಾರಪ್ಪಾ ಓಗ್ಬಿಟ್ಟಿದ್ದು?"

ಹಾಡೋ ಹುಡುಗ ಪೆಚ್ಚಾದ. "ಯಾರೂ ಹೋಗಿಲ್ಲ ಅಂಕಲ್. ಇದು ಫ್ಯೂಷನ್. ನನ್ನ ಹುಡುಗಿಗೆ ಅಂತ ಬರೆದಿದ್ದು."

"ತಮಟೇಲಿ ಮದ್ವೆ ಏಟು ಬ್ಯಾರೆ, ಸಾವಿನ ಏಟು ಬ್ಯಾರೆ ಕಣಪ್ಪಾ. ನೀವು ಆಕಿರೋದು ಸಾವಿಂದು. ಎಲ್ಲಿ ಸಿಕ್ತು?"

ಡ್ರಮ್ಮರ್ ಹೆಮ್ಮೆಯಿಂದಲೇ ಹೇಳಿದ. "ರೋಡಲ್ಲಿ ಮೆರವಣಿಗೆ ಹೋಗ್ತಿತ್ತು, ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಸಕ್ಕತ್ತಾಗಿ ಕುಣೀತಿದ್ರು ಅಂಕಲ್, ಹೂವು ಬೇರೆ ಎರಚ್ತಿದ್ರು!"

"ಇಂದೆ ಚಟ್ಟ ಬರ್ತಿದ್ದಿದ್ದು ಕಾಣ್ಲಿಲ್ವಾ?"

"ನಾನು ಆಡಿಯೋ ಮಾತ್ರ ತಗೊಂಡಿದ್ದು ಅಂಕಲ್."

ಮುನಿಯಪ್ಪನವರು ಕೈಲಿದ್ದ ಹಾರ ನೋಡ್ಕೊಂಡ್ರು. "ಸಾವಿಗೆ ಅಂತ ತಂದಿದ್ದನ್ನ ವಾಪಸ್ ಮನೆಗೆ ತಗೊಂಡೋಗಬಾರ್ದು" ಅಂತ ಅದನ್ನ ಗಿಟಾರಿಗೇ ಹಾಕಿ, ಕೈಮುಗಿದು, ಕೆಳಗಿಳಿಯುತ್ತಾ ಹೆಂಡತಿಗೆ ಕೂಗಿದ್ರು. "ಲೇ, ನೀರು ಕಾಯ್ಸು, ಸ್ನಾನ ಮಾಡ್ಬೇಕು!"

ಪಾಪ, ಅವರು ಕೇಳಿದ್ದು ಒಂದೇ ಹಾಡು. ಮೂರು ತಿಂಗಳಿಂದ ಪೂರ್ತಿ ಆಲ್ಬಮ್ ಕೇಳಿರೋನು ನಾನು. ತಲೆಗೂ ನೀರು ಹಾಕ್ಕೊಂಡೆ.